ಏಳನೇ ಪಾಠದ ಕುಂಟು ಬೀಟ್

ಮನೆ, ಅಡುಗೆಮನೆಯ ಮೇಜು
ಭಾನುವಾರ, ಮಾರ್ಚ್ ೯, ಬೆಳಿಗ್ಗೆ

ಪ್ರೀತಿಯ ಪುಟ್ಟಾ,

ಐವತ್ತೆಂಟು ದಾಟಿದವನನ್ನು ಇನ್ನೂ ಪುಟ್ಟ ಅನ್ನುತ್ತಾಳಲ್ಲ ಎಂದು ಗೊಣಗಬೇಡ. ನಾನಿರುವ ತನಕ ನಿನಗೆ ಬಡ್ತಿ ಇಲ್ಲ. ಮೊದಲು ಕಾಲಿನ ಸಮಾಚಾರ ಹೇಳು. ಕಳೆದ ಪತ್ರದಲ್ಲಿ ಮಂಡಿ ಊದಿದೆ, ಏಣಿ ಹತ್ತುವುದನ್ನು ಬಿಟ್ಟಿದ್ದೇನೆ ಎಂದು ಒಂದೇ ಸಾಲು ಬರೆದು, ಉಳಿದ ಪುಟವನ್ನೆಲ್ಲ ನೀವು ದೋಣಿಗೆ ಹೊಡೆಯುವ ಹಲಗೆಗಳ ವಿಚಾರಕ್ಕೆ ಮೀಸಲಿಟ್ಟಿದ್ದೆ. ಹಲಗೆ ಹೇಗಾದರೂ ಇರಲಿ, ಡಾಕ್ಟರು ಏನಂದರು? ಅವರು ಕೊಟ್ಟ ಪಟ್ಟಿಯನ್ನು ಮಂಡಿಗೆ ಕಟ್ಟಿಕೊಳ್ಳುತ್ತೀಯೋ, ಇಲ್ಲ ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿದ್ದೀಯೋ? ನಿನ್ನ ಹೆಂಡತಿಗೆಂದು ಬೇರೆ ಚೀಟಿ ಇದೇ ಲಕೋಟೆಯಲ್ಲಿದೆ, ನೀನು ಓದಕೂಡದು. ನಿಜ ಸಂಗತಿ ಅವಳಿಂದಲೇ ತಿಳಿದುಕೊಳ್ಳುತ್ತೇನೆ. ನಾನು ಗಟ್ಟಿಮುಟ್ಟಾಗಿದ್ದೇನೆ. ರಕ್ತದೊತ್ತಡ ಸ್ವಲ್ಪ ಹೆಚ್ಚು, ಆದರೆ ದಿನಕ್ಕೆ ಆರು ಜನರಿಗೆ ಕಾರು ಓಡಿಸಲು ಕಲಿಸುವವಳಿಗೆ ಅದು ಹೆಚ್ಚಾಗದಿದ್ದರೇ ಆಶ್ಚರ್ಯ. ನಿನ್ನೆ ಒಬ್ಬ ನಿವೃತ್ತ ಪೋಸ್ಟ್‌ಮಾಸ್ತರು ನನ್ನನ್ನು ಹಣ್ಣಿನಂಗಡಿಯ ಮೆಟ್ಟಿಲವರೆಗೆ ಕರೆದುಕೊಂಡು ಹೋದರು. ಕಾರಿನಲ್ಲೇ.

ಬ್ಯಾಂಡಿನ ಮಾತು ಎತ್ತಬಾರದು ಎಂದು ಮೂವತ್ತೊಂದು ವರ್ಷದ ಹಿಂದೆ ನೀನು ಹಾಕಿದ ಕಟ್ಟುಪಾಡನ್ನು ನಾನು ಒಂದು ಸಲವೂ ಮೀರಿಲ್ಲ. ಹಬ್ಬ ಹುಣ್ಣಿಮೆಯ ಪತ್ರಗಳಲ್ಲೂ ಮೀರಿಲ್ಲ, ನೀನು ಬಂದು ಉಳಿದುಹೋದ ಆ ಎರಡು ದಿನಗಳಲ್ಲೂ ಮೀರಿಲ್ಲ. ಇವತ್ತು ಮೀರುತ್ತೇನೆ. ಕಾಗದ ಮಡಚಿ ಇಡಬೇಡ, ಕೂತು ಪೂರ್ತಿ ಓದು. ನಾವು ಮಾಡಿದ್ದೆಲ್ಲ ನೀರಲ್ಲಿ ಹೋಮವಾಯಿತು ಅನ್ನುತ್ತಿದ್ದೆಯಲ್ಲ, ಆ ಮಾತು ಸುಳ್ಳು. ಸುಳ್ಳು ಎಂದು ನನ್ನ ಕಿವಿಯಾರೆ ಕೇಳಿ ಬಂದಿದ್ದೇನೆ.

ಜನವರಿಯಲ್ಲಿ ನನ್ನ ಹತ್ತಿರ ಕಾರು ಕಲಿಯಲು ಒಬ್ಬಾಕೆ ಸೇರಿದಳು. ಔಷಧಿ ಅಂಗಡಿಯಲ್ಲಿ ಕೆಲಸ, ಮೂವತ್ತೈದರ ವಯಸ್ಸು, ಎರಡು ಮಕ್ಕಳ ತಾಯಿ. ಗೇರು ಬದಲಿಸುವಾಗ ಪ್ರತಿ ಸಲ ಕ್ಷಮೆ ಕೇಳುವ ಜಾತಿ. ನನ್ನನ್ನಲ್ಲ, ಗೇರನ್ನು. ಒಂದು ಮಧ್ಯಾಹ್ನ ಕೆಂಪು ದೀಪದಲ್ಲಿ ನಿಂತಿದ್ದೆವು. ಅವಳು ತನ್ನ ಪಾಡಿಗೆ ಸ್ಟಿಯರಿಂಗ್ ಮೇಲೆ ಎರಡು ಬೆರಳಲ್ಲಿ ಟಕಟಕ ಕುಟ್ಟಿ, ಅಂಗೈಯಿಂದ ಒಂದು ಧಪ್ ಕೊಟ್ಟಳು. ಆ ಧಪ್ ಬರಬೇಕಾದ ಜಾಗಕ್ಕೆ ಬರಲಿಲ್ಲ. ಕೂದಲೆಳೆಯಷ್ಟು ತಡೆದು ಬಂತು, ಬಂದಾಗ ಭಾರವಾಗಿ ಬಂತು. ಪುಟ್ಟಾ, ನನ್ನ ಬೆನ್ನು ನೆಟ್ಟಗಾಯಿತು. ಹಸಿರು ಬಂದದ್ದು, ಹಿಂದಿನವರು ಹಾರ್ನ್ ಹೊಡೆದದ್ದು, ಹೊರಡು ಎಂದು ಹೇಳಬೇಕಾದವಳು ನಾನು ಎಂಬುದು, ಯಾವುದೂ ತಲೆಗೆ ಹೋಗಲಿಲ್ಲ. ಏನು ಕುಟ್ಟಿದ್ದು ಎಂದು ಕೇಳಿದೆ. “ಕುಂಟು ಬೀಟ್ ಮೇಡಂ, ನಮ್ಮ ಡ್ರಮ್ ಕ್ಲಾಸಲ್ಲಿ ಏಳನೇ ಪಾಠ. ಎರಡು ತಿಂಗಳಿಂದ ಅದರಲ್ಲೇ ಸಿಕ್ಕಾಕ್ಕೊಂಡಿದೀನಿ,” ಅಂದಳು.

‘ಕುಂಟು’ ಎಂಬ ಆ ಪದಕ್ಕೆ ನನಗೆ ಮೈ ಉರಿಯಿತು. ನಿನ್ನನ್ನು ನೋಡಿ ಅದೇ ಪದ ಆಡಿದ್ದಕ್ಕೆ ಶಾಲೆಯ ನಲ್ಲಿಯ ಹತ್ತಿರ ನಾನು ಇಬ್ಬರಿಗೆ ಬಾರಿಸಿದ್ದು ನಿನಗೆ ನೆನಪಿರಬೇಕು. ಅವಳ ಮುಖದಲ್ಲಿ ಕುಚೋದ್ಯದ ಲವಲೇಶವೂ ಇರಲಿಲ್ಲ. ಯಾರೋ ದೊಡ್ಡವರ ಬಿರುದು ಹೇಳುವ ಹಾಗೆ ಹೇಳಿದ್ದಳು. ಗುರುವಾರ ಅವಳ ಕ್ಲಾಸು ಎಲ್ಲಿದೆಯೋ ಅಲ್ಲಿಗೆ ಹೋದೆ.

ಒಂದು ಹಲ್ಲಿನ ಆಸ್ಪತ್ರೆಯ ನೆಲಮಾಳಿಗೆ ಅದು. ಗೋಡೆಗೆಲ್ಲ ಮೊಟ್ಟೆಯ ಟ್ರೇ ಅಂಟಿಸಿದ್ದಾರೆ, ನಾವು ಅಭ್ಯಾಸ ಮಾಡುತ್ತಿದ್ದ ಬಟ್ಟೆ ಗೋದಾಮಿನ ನಾಲ್ಕನೇ ಮಹಡಿಯಲ್ಲಿ ಅಂಟಿಸಿದ್ದ ಹಾಗೇ. ಮೇಷ್ಟ್ರಿಗೆ ನಲವತ್ತೈದು ಇರಬಹುದು. ಬೋಳು ತಲೆ, ಕಿವಿಯ ಮೇಲೆ ಪೆನ್ಸಿಲ್. ಹನ್ನೊಂದು ಜನ ವಿದ್ಯಾರ್ಥಿಗಳು. ಅವರಲ್ಲಿ ಒಬ್ಬರು ನನಗಿಂತ ದೊಡ್ಡವರು, ನ್ಯಾಯಾಲಯದಲ್ಲಿ ಟೈಪ್ ಮಾಡುತ್ತಿದ್ದವರಂತೆ. ಏಳನೇ ಪಾಠ ಎಲ್ಲಿಂದ ಬಂತು ಎಂದು ಕೇಳಿದ್ದಕ್ಕೆ ಮೇಷ್ಟ್ರು ಬೀರುವಿನಿಂದ ಒಂದು ಕ್ಯಾಸೆಟ್ ತೆಗೆದರು. ಮೇಲೆ ಹೆಸರಿಲ್ಲ, ಚೀಟಿಯಿಲ್ಲ. ಅವರ ಮೇಷ್ಟ್ರು ಅವರಿಗೆ ಕೊಟ್ಟದ್ದು. ಆ ಮೇಷ್ಟ್ರಿಗೆ ಯಾರೋ ಲಾರಿ ಡ್ರೈವರು ಕೊಟ್ಟದ್ದು. ಕಾಪಿಯ ಕಾಪಿಯ ಕಾಪಿ, ಕಿವಿಗೆ ಬೀಳುವುದರಲ್ಲಿ ಅರ್ಧ ಹಾಡು, ಅರ್ಧ ಬರೀ ಟೇಪಿನ ಬುಸ್ ಸದ್ದು. ಗುಂಡಿ ಒತ್ತಿದರು. ನಮ್ಮ ಮೊದಲನೇ ರೆಕಾರ್ಡು. ಎಂಟೂ ಹಾಡು, ನಾವು ಜೋಡಿಸಿದ ಕ್ರಮದಲ್ಲೇ.

ಕಂಪನಿ ಒತ್ತಿಸಿದ್ದು ಒಂದು ಸಾವಿರ ಪ್ರತಿ. ರಟ್ಟಿನ ಮೇಲೆ ಮೆಟ್ಟಿಲ ಚಿತ್ರ, ಹಿಂಬದಿಯಲ್ಲಿ ಇರುವೆಗಾತ್ರದ ಅಕ್ಷರದಲ್ಲಿ ನಮ್ಮ ಮೂವರ ಹೆಸರು. ಎಪ್ಪತ್ತೆರಡು ಮೆಟ್ಟಿಲು ಹತ್ತುವವನು ನಾನು, ಹೆಸರಿಡುವ ಹಕ್ಕೂ ನನ್ನದೇ ಎಂದು ನೀನು ಹಟ ಹಿಡಿದು ಬ್ಯಾಂಡಿಗೆ ‘ನಾಲ್ಕನೇ ಮಹಡಿ’ ಎಂದು ಹೆಸರಿಟ್ಟಿದ್ದೆ. ಅಂಗಡಿಯವರು ಅದನ್ನು ಕಟ್ಟಡ ಕಟ್ಟುವವರ ಜಾಹೀರಾತು ಎಂದುಕೊಂಡು ಮೂಲೆಗೆ ತಳ್ಳಿದ್ದರು. ಪತ್ರಿಕೆಯಲ್ಲಿ ಬಂದದ್ದು ಒಂದೇ ವಿಮರ್ಶೆ. ಗಾಯಕಿಯ ಕಂಠ ಒರಟು, ಡ್ರಮ್ಮಿನವನಿಗೆ ಲೆಕ್ಕ ಬಾರದು. ಆ ಒಂದು ಸಾಲು ನಿನ್ನನ್ನು ಎಷ್ಟು ಕಾಲ ಕೊರೆಯಿತು ಎಂದು ನನಗೆ ಗೊತ್ತು. ಆದರೆ ಹೆಸರು ಕಳಚಿಬಿದ್ದ ಮೇಲೂ ಆ ಹಾಡುಗಳು ಕೈಯಿಂದ ಕೈಗೆ ಹೋಗುತ್ತಲೇ ಇದ್ದವು. ಯಾರೂ ಮಾರಲಿಲ್ಲ, ಯಾರೂ ಹೊಗಳಿ ಬರೆಯಲಿಲ್ಲ. ಡ್ರಮ್ ಬಾರಿಸುವವರು ಡ್ರಮ್ ಬಾರಿಸುವವರಿಗೆ ಕೊಟ್ಟರು, ಅಷ್ಟೇ.

ಮೇಷ್ಟ್ರು ನನಗೆ ಇನ್ನೊಂದಿಷ್ಟು ಹಾಡು ಕೇಳಿಸಿದರು. ಎಲ್ಲ ಹೊಸಬರದ್ದು, ಅಂಗಡಿ ಬೀದಿಯಲ್ಲಿ ದಿನಾ ಕಿವಿಗೆ ಬೀಳುವಂಥವು. ನಾನು ಕೇಳಿಯೂ ಕೇಳದೆ ದಾಟಿ ಹೋಗಿದ್ದೆ. ಪ್ರತಿಯೊಂದರಲ್ಲೂ, ಟಕಟಕ ಆದಮೇಲೆ, ತಡೆದು ಬರುವ ಆ ಧಪ್. “ರೇಡಿಯೋದಲ್ಲಿ ಹತ್ತು ಹಾಡು ಬಂದ್ರೆ ಎರಡರಲ್ಲಿ ಇದಿರತ್ತೆ ಮೇಡಂ. ಬಾರಿಸೋರಿಗೇ ಗೊತ್ತಿಲ್ಲ ಎಲ್ಲಿಂದ ಬಂತು ಅಂತ,” ಅಂದರು. ಇಷ್ಟೆಲ್ಲ ಆದರೂ ಮೂಲದಲ್ಲಿರುವ ಹಾಗೆ ಇನ್ನೂ ಯಾರಿಗೂ ಬಂದಿಲ್ಲವಂತೆ. ಟೇಪು ಜಗ್ಗಿದ್ದರಿಂದ ಹಾಗಾಗಿದೆ ಅನ್ನುವವರು ಕೆಲವರು, ಇಬ್ಬರು ಕೂತು ಬಾರಿಸಿದ್ದಾರೆ ಅನ್ನುವವರು ಕೆಲವರು. ಮೇಷ್ಟ್ರ ಗೆಳೆಯನೊಬ್ಬ ಬೂಟಿಗೆ ಕಬ್ಬಿಣದ ತುಂಡು ಕಟ್ಟಿಕೊಂಡು ಪ್ರಯತ್ನಿಸಿ ಪೆಡಲ್ಲನ್ನೇ ಮುರಿದನಂತೆ.

ಆಗ ನಾನು, ಬಾರಿಸಿದ್ದು ನನ್ನ ತಮ್ಮ, ಹಾಡಿದ್ದು ನಾನು ಅಂದೆ. ಅವರು ಮರ್ಯಾದೆಯಿಂದ ನಕ್ಕರು. ಹಾಗೆ ಹೇಳಿಕೊಂಡು ಮುಂಚೆಯೂ ಇಬ್ಬರು ಬಂದಿದ್ದರಂತೆ. ವಾದ ಮಾಡಿ ಏನು ಪ್ರಯೋಜನ? ಕೈಚೀಲ ಕುರ್ಚಿಯ ಮೇಲಿಟ್ಟು ಮೂರನೇ ಹಾಡಿನ ಮೊದಲ ಸಾಲು ಹಾಡಿದೆ. ಮೂವತ್ತೊಂದು ವರ್ಷದಿಂದ ಸ್ನಾನದ ಮನೆಯಲ್ಲೂ ಹಾಡದವಳು. ಕಂಠ ಆ ವಿಮರ್ಶಕ ಹೇಳಿದ್ದಕ್ಕಿಂತ ಒರಟಾಗಿದೆ ಈಗ, ಆದರೆ ಸಾಲು ಹಿಡಿಯುವ ಜಾಗ ತಪ್ಪಲಿಲ್ಲ. ನಿನ್ನ ಕಾಲಿಗೆ ಕಾದು ಹಾಡಿ ಅಭ್ಯಾಸವಾದವಳು ನಾನು. ಒಂದು ಉಸಿರು ನಿಲ್ಲಿಸಿ, ಆಮೇಲೆ ಹಿಡಿದೆ. ಮೇಷ್ಟ್ರು ಕಿವಿಯ ಪೆನ್ಸಿಲ್ ತೆಗೆದು ಮೇಜಿನ ಮೇಲಿಟ್ಟರು. ಹಸ್ತಾಕ್ಷರ ಕೇಳಲಿಲ್ಲ, ಫೋಟೋ ಕೇಳಲಿಲ್ಲ. ಒಂದೇ ಪ್ರಶ್ನೆ ಕೇಳಿದರು: “ಅವರು ಹೇಗೆ ಕೂತ್ಕೋತಿದ್ರು?”

ನೀನು ಕೂರುವ ಹಾಗೆ ಕೂತು ತೋರಿಸಿದೆ ಕಣೋ, ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ. ಸ್ಟೂಲು ತೀರಾ ತಗ್ಗಿಗೆ. ಮೈ ಎಡಕ್ಕೆ ತಿರುಗಿರಬೇಕು. ಪೆಡಲ್ ಒಂದು ಗೇಣು ಆಚೆಗೆ. ಚಿಕ್ಕಂದಿನ ಆ ಜ್ವರ ಹೋದಮೇಲೆ ಅವನ ಕಣಕಾಲಿನಲ್ಲಿ ಬಲ ಉಳಿಯಲಿಲ್ಲ, ಅದಕ್ಕೆ ಅವನು ಪಾದದಿಂದ ತುಳಿಯುತ್ತಿರಲಿಲ್ಲ, ಸೊಂಟದಿಂದ ಇಡೀ ಕಾಲನ್ನೆತ್ತಿ ಕೈಬಿಟ್ಟ ಹಾಗೆ ಬಿಡುತ್ತಿದ್ದ ಎಂದು ವಿವರಿಸಿದೆ. ಎತ್ತಿದ ಭಾರ ಕೆಳಗೆ ಬೀಳಲು ಒಂದು ಗಳಿಗೆ ಬೇಕಲ್ಲ, ಇವರೆಲ್ಲ ಇಷ್ಟು ವರ್ಷ ಹುಡುಕುತ್ತಿದ್ದದ್ದು ಆ ಗಳಿಗೆಯನ್ನೇ. ಔಷಧಿ ಅಂಗಡಿಯಾಕೆ ಸ್ಟೂಲು ಇಳಿಸಿ ಕೂತಳು. ಮೊದಲ ಸಲ ಆಗಲಿಲ್ಲ. ಎರಡನೇ ಸಲ ಪೆಡಲ್ಲಿನ ಕ್ಷಮೆ ಕೇಳಿದಳು. ಮೂರನೇ ಸಲ ಕಾಲು ಎತ್ತಿ ಬಿಟ್ಟಳು ನೋಡು, ಗೋಡೆಯ ಮೊಟ್ಟೆ ಟ್ರೇ ಅದುರಿತು. ಮೇಲೆ ಹಲ್ಲು ಕೊರೆಯುವ ಯಂತ್ರದ ಸದ್ದು ಮಾತ್ರ. ಆಮೇಲೆ ಹನ್ನೊಂದು ಜನರೂ ಸಾಲಾಗಿ ನಿಂತು ಒಬ್ಬೊಬ್ಬರೇ ಬಾರಿಸಿದರು. ನ್ಯಾಯಾಲಯದ ಆ ಹಿರಿಯರಿಗೆ ಎಲ್ಲರಿಗಿಂತ ಚೆನ್ನಾಗಿ ಬಂತು. ಅವರ ಮಂಡಿಯೂ ಊದಿದೆಯಂತೆ.

ಮರುವಾರ ನಮ್ಮ ಎರಡನೇ ರೆಕಾರ್ಡು ತೆಗೆದುಕೊಂಡು ಹೋದೆ. ಕಂಪನಿಯವರು ನಿನ್ನನ್ನು ಬಿಟ್ಟು ಆ ಗಡಿಯಾರದಂಥ ಡ್ರಮ್ಮಿನವನನ್ನು ಕೂರಿಸಿ ಮಾಡಿಸಿದ್ದು. ನೀನು ಆ ಮಧ್ಯಾಹ್ನ ಸ್ಟುಡಿಯೋದ ಬಾಗಿಲಿಂದ ಹಾಗೇ ಇಳಿದು, ಬಸ್ಸು ಹತ್ತಿ ಹೋದವನು ದೋಣಿ ಕಟ್ಟುವ ಅಂಗಳದಲ್ಲಿ ಮರ ಕೆತ್ತುವ ಬಾಚಿ ಹಿಡಿದೆ. ನಾನು ಆ ರೆಕಾರ್ಡಿನ ಜತೆಗೇ ಹಾಡುವುದನ್ನು ಬಿಟ್ಟು ಕಾರಿನ ಪಕ್ಕದ ಸೀಟಿಗೆ ಬಂದು ಕೂತೆ. ಅಂಥದೊಂದು ರೆಕಾರ್ಡು ಇದೆ ಎಂಬುದೇ ಮೇಷ್ಟ್ರಿಗೆ ಗೊತ್ತಿರಲಿಲ್ಲ. ಎರಡು ಹಾಡು ಗಮನವಿಟ್ಟು ಕೇಳಿ, ಜೋಪಾನವಾಗಿ ರಟ್ಟಿಗೆ ಸೇರಿಸಿ ವಾಪಸು ಕೊಟ್ಟರು. “ಚೆನ್ನಾಗಿದೆ ಮೇಡಂ. ಆದ್ರೆ ಇದನ್ನ ಯಾರು ಬೇಕಾದ್ರೂ ಬಾರಿಸ್ತಾರೆ.”

ಈಗ ಮುಂದಿನ ವಿಷಯ. ಮೇ ಹದಿನೆಂಟು, ಭಾನುವಾರ, ಸಂಜೆ ಐದಕ್ಕೆ, ಇಲ್ಲಿನ ಒಂದು ಶಾಲೆಯ ಸಭಾಂಗಣದಲ್ಲಿ ಮೇಷ್ಟ್ರ ಕ್ಲಾಸಿನವರು ನಮ್ಮ ಮೊದಲನೇ ರೆಕಾರ್ಡನ್ನು ಪೂರ್ತಿ ನುಡಿಸುತ್ತಾರೆ. ಮುನ್ನೂರು ಕುರ್ಚಿ, ಮುನ್ನೂರೂ ಭರ್ತಿ. ಎಲ್ಲೆಲ್ಲಿಂದಲೋ ಡ್ರಮ್ ಬಾರಿಸುವವರು ಬರುತ್ತಾರಂತೆ, ಬೀಟಿನ ಯಜಮಾನ ಬದುಕಿದ್ದಾನೆ ಎಂಬ ಸುದ್ದಿ ಹಬ್ಬಿದೆ. ಹಾಡುವುದು ನಾನು. ಬೇಸ್ ಗಿಟಾರಿಗೆ ನಮ್ಮ ಬ್ಯಾಂಡಿನ ಮೂರನೆಯವನು, ಗೂಬೆಯೇ. ಕನ್ನಡಕದ ಅಂಗಡಿಯಲ್ಲಿ ಗಾಜು ಒರೆಸುತ್ತ ಕೂತಿದ್ದ, ವಿಷಯ ಹೇಳಿದೆ, ಆಗಲೂ ಮಾತಿಲ್ಲ ಕತೆಯಿಲ್ಲ, ಎದ್ದು ಒಳಗೆ ಹೋಗಿ ಗಿಟಾರು ತಂದು ತಂತಿ ತೋರಿಸಿದ. ಹೊಸ ತಂತಿ. ಪ್ರತಿ ವರ್ಷ ಬದಲಿಸುತ್ತಿದ್ದನಂತೆ ಮಹಾರಾಯ, ಯಾರಿಗೂ ಹೇಳದೆ.

ಮೂರನೇ ಹಾಡಿಗೆ ಸ್ಟೂಲು ನಿನ್ನದು. ನೀನು ಬರುತ್ತೀಯ ಎಂದು ಹೇಳಿಬಿಟ್ಟಿದ್ದೇನೆ, ನಿನ್ನನ್ನು ಕೇಳಿ ಹೇಳಿದರೆ ಏನಾಗುತ್ತದೆ ಎಂದು ಗೊತ್ತಿಲ್ಲವೇ. ನಿನ್ನ ನೆಪಗಳೂ ಗೊತ್ತು. ಕೈ ಮರಕ್ಕೆ ಒಗ್ಗಿದೆ, ಕಾಲು ಊದಿದೆ, ಯಾರಿಗೆ ಬೇಕಾಗಿದೆ ಈಗ. ಒಂದೇ ಹಾಡು, ನಾಲ್ಕು ನಿಮಿಷ. ಸಭಾಂಗಣ ನೆಲಮಟ್ಟದಲ್ಲಿದೆ, ಮೆಟ್ಟಿಲಿಲ್ಲ, ನಾನೇ ಹೋಗಿ ನೋಡಿ ಬಂದಿದ್ದೇನೆ. ಇದರ ಜತೆಗಿಟ್ಟ ಹಾಳೆ ನೋಡು. ಏಳನೇ ಪಾಠ, ಹೊಸದಾಗಿ ಅಚ್ಚು ಹಾಕಿಸಿದ್ದು. ತಲೆಬರಹದ ಕೆಳಗೆ ನಿನ್ನ ಪೂರ್ತಿ ಹೆಸರಿದೆ, ಅಪ್ಪ ಇಟ್ಟ ಹೆಸರು, ಒಂದು ಅಕ್ಷರವೂ ತಪ್ಪಿಲ್ಲದೆ. ಮೇಷ್ಟ್ರು ‘ಕುಂಟು’ ಎಂಬ ಪದ ತೆಗೆದುಬಿಡಲೇ ಎಂದು ಸಂಕೋಚದಿಂದ ಕೇಳಿದರು. ತೆಗೆಯುವುದೋ ಇಡುವುದೋ, ಹೇಳಬೇಕಾದವನು ಅವನು ಅಂದೆ.

ಮಕ್ಕಳಿಗೆ ನನ್ನ ಮುತ್ತು, ನಿನ್ನ ಹೆಂಡತಿಗೆ ನನ್ನ ಅಕ್ಕರೆ. ನಿನ್ನ ಮಂಡಿಯ ಊತ ಬೇಗ ಇಳಿಯಲಿ, ತಲೆಯ ಮೇಲೆ ನನ್ನ ಕೈ ಯಾವತ್ತೂ ಇದೆ ಎಂದು ತಿಳಿ. ಬೇಗ ಉತ್ತರ ಹಾಕು. ಹಲಗೆ ವಿಚಾರ ಬೇಡ.

ನಿನ್ನ
ಅಕ್ಕ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಹರಿದು ಬರೆಯುತ್ತಿದ್ದೇನೆ, ಅಂಚೆಗೆ ಹಾಕುವುದು ತಡವಾಗುತ್ತಿದೆ, ಅಕ್ಷರ ಸೊಟ್ಟಗಾದರೆ ಕ್ಷಮಿಸು. ಗೂಬೆ ಬಾಯಿಬಿಡಲಿಲ್ಲ ಅಂದದ್ದು ಸುಳ್ಳು. ನಾನು ಅಂಗಡಿಯಿಂದ ಹೊರಡುವಾಗ, “ಅವನಿಗೆ ನಿಜ ಹೇಳಿದ್ಯಾ?” ಅಂದ. ಹೇಳಿರಲಿಲ್ಲ. ಈಗ ಹೇಳುತ್ತೇನೆ. ನಿನ್ನನ್ನು ತೆಗೆದದ್ದು ಕಂಪನಿಯವರಲ್ಲ. ನಿನ್ನ ತಮ್ಮನೇ ಇರಲಿ ಅನ್ನುವುದಾದರೆ ಸಣ್ಣ ಸ್ಟುಡಿಯೋ, ಬೇರೆಯವನನ್ನು ಕೂರಿಸುವುದಾದರೆ ದೊಡ್ಡದು ಎಂದು ಅವರು ನನ್ನ ಮುಂದಿಟ್ಟರು. ಗೂಬೆ, ಬೇರೆಯವನು ಬೇಡ ಅಂದ. ನಾನು ಹೂಂ ಅಂದೆ. ಆ ವಿಮರ್ಶೆ ನಿನ್ನನ್ನು ಮಾತ್ರ ಕೊರೆಯಲಿಲ್ಲ, ನನ್ನನ್ನೂ ಕೊರೆದಿತ್ತು. ನಿನ್ನ ಕಾಲಿಗೆ ಕಾಯುತ್ತ ಹಾಡುವುದು ನನಗೆ ಸಾಕಾಗಿತ್ತು ಪುಟ್ಟಾ, ಬೇಗ ದೊಡ್ಡ ಹೆಸರು ಮಾಡಬೇಕಿತ್ತು. ನೀನು ಕಂಪನಿಯನ್ನು ಬೈದಾಗಲೆಲ್ಲ ನಾನೂ ದನಿಗೂಡಿಸಿ ಬೈದೆ. ಬರುವುದೋ ಬಿಡುವುದೋ ಇದನ್ನು ಓದಿದ ಮೇಲೆ ನೀನೇ ತೀರ್ಮಾನಿಸು, ಬಲವಂತವಿಲ್ಲ. ಬಾರದಿದ್ದರೂ ಹದಿನೆಂಟರ ಸಂಜೆ ಹಾಡುವ ಮೊದಲು ಆ ಮುನ್ನೂರು ಜನರಿಗೆ ಇದನ್ನು ಹೇಳುತ್ತೇನೆ. ಬಂದರೆ, ಅವರಿಗಿಂತ ಮೊದಲು, ಬಸ್ ನಿಲ್ದಾಣದಲ್ಲೇ ನಿನ್ನ ಮುಖ ನೋಡಿ ಹೇಳುತ್ತೇನೆ.