ಅಣ್ಣನ ದಾಖಲೆ

ಪಾಂಡವಪುರ
೧೨-೨-೧೯೯೬

ಪ್ರೀತಿಯ ರವೀಂದ್ರನಿಗೆ ಅವ್ವನ ಆಶೀರ್ವಾದಗಳು.

ಚಳಿಗೆ ಕಾಲಿನ ಬೆರಳು ಬಾತುಕೊಂಡಿವೆ ಅಂತ ಬರೆದಿದ್ದೆ, ಈಗ ಹೇಗಿದೆ? ಕಳಿಸಿದ ಉಣ್ಣೆ ಕಾಲುಚೀಲ ಹಾಕಿಕೊಳ್ಳುತ್ತಿದ್ದೀಯೋ, ಇಲ್ಲಿದ್ದಾಗಿನ ಹಾಗೆ ಮೂಲೆಗೆ ಎಸೆದಿದ್ದೀಯೋ? ಗಡಿ ಕಾಯುವ ಸೈನಿಕನಿಗೆ ಕಾಲುಚೀಲ ಹಾಕಿಕೋ ಅಂತ ಅವ್ವ ಬರೆಯುವುದು ನಗೆಪಾಟಲು. ಆದರೂ ಹಾಕಿಕೋ. ನಾವೆಲ್ಲ ಚೆನ್ನಾಗಿದ್ದೇವೆ ಅಂತ ಬರೆಯಲು ಈ ಸಲ ಕೈ ಬರುತ್ತಿಲ್ಲ.

ನಿನ್ನ ತಮ್ಮ ರಘುವಿನ ಎಡಗಣ್ಣು ಹೋಯಿತಪ್ಪ. ಸುತ್ತಿ ಬಳಸಿ ಹೇಳಲು ನನಗೆ ಬಾರದು. ಸಂಕ್ರಾಂತಿ ಕಳೆದ ಭಾನುವಾರ ಸಿಂಧಘಟ್ಟದಲ್ಲಿ ಬೇಸ್‌ಬಾಲ್ ಆಡುವಾಗ ಚೆಂಡು ನೇರ ಕಣ್ಣಿಗೇ ಬಡಿಯಿತು. ಮೈಸೂರಿನ ಡಾಕ್ಟರು ಆದದ್ದೆಲ್ಲ ಮಾಡಿದರು. ಉಳಿದ ಕಣ್ಣನ್ನಾದರೂ ಜೋಪಾನ ಮಾಡಿ, ಈ ಆಟದ ಸಹವಾಸ ಸಾಕು ಅಂದರು.

ಇದನ್ನು ಬರೀ ಗ್ರಹಚಾರ ಅಂತ ನಾನು ಒಪ್ಪುವುದಿಲ್ಲ. ನೀನು ಸತತ ಹತ್ತೊಂಬತ್ತು ಪಂದ್ಯಗಳಲ್ಲಿ ಔಟಾಗದೆ ಓಡಿ ಬೇಸು ಮುಟ್ಟಿದ್ದೆ, ಈ ಸೀಮೆಯಲ್ಲಿ ಇನ್ಯಾರೂ ಮುಟ್ಟಿಲ್ಲ ಅನ್ನುವುದು ಊರಿಗೆಲ್ಲ ಬಾಯಿಪಾಠ. ಹೋದ ಯುಗಾದಿಯಿಂದ ರಘುವೂ ಪ್ರತಿ ಪಂದ್ಯದಲ್ಲಿ ಬೇಸು ಮುಟ್ಟತೊಡಗಿದ. ಶಿವಲಿಂಗಯ್ಯನ ಹೋಟೆಲಿನಲ್ಲಿ ನಿಮ್ಮಿಬ್ಬರನ್ನು ತಕ್ಕಡಿಗೆ ಹಾಕಿ ತೂಗಿದ್ದೇ ತೂಗಿದ್ದು. "ರವಿ ಬರೀ ತಲೇಲಿ ಆಡ್ದ ಕಣ್ಲಾ, ಇವ್ನು ಹೆಲ್ಮೆಟ್ ಆಕ್ಕಂಡು ಆಡ್ತಾನೆ, ಅದೂ ಒಂದ್ ಲೆಕ್ಕವಾ" ಅಂತ ಯಾರೋ ಅಂದರಂತೆ. ಟೀ ಕುಡಿದವನು ಅಂದು ಎದ್ದು ಹೋದ. ನಮ್ಮ ಹುಡುಗ ಹೆಲ್ಮೆಟ್ ಮನೆಯಲ್ಲೇ ಬಿಟ್ಟು ಹೋದ.

ಆ ದಿನ ಅವನಿಗೆ ಕೊನೆಯ ಸರದಿಯವರೆಗೂ ಬೇಸು ಸಿಕ್ಕಿರಲಿಲ್ಲ. ಚೆಂಡು ಮೈಗೆ ತಾಗಿದರೆ ಬ್ಯಾಟು ಬೀಸದೆಯೇ ಒಂದು ಬೇಸು ಕೊಡುತ್ತಾರೆ ಅನ್ನುವುದು ನಿನಗೆ ಗೊತ್ತು. ನನಗೆ ಆಸ್ಪತ್ರೆಯಲ್ಲಿ ಗೊತ್ತಾಯಿತು. "ಬುಜ ಕೊಡಕ್ಕೋದೆ ಕಣವ್ವ, ಚೆಂಡು ಮ್ಯಾಕೆ ಬಂದ್ಬುಡ್ತು" ಅಂದ, ಬ್ಯಾಂಡೇಜಿನ ಒಳಗಿಂದ. ಅವನ ಬದಲು ಇನ್ಯಾರೋ ಓಡಿದರಂತೆ. ಜನ ಚಪ್ಪಾಳೆ ತಟ್ಟಿ ಹದಿನೆಂಟು ಅಂತ ಕೂಗಿದರಂತೆ. ನಿಮ್ಮಪ್ಪ ವಾರ್ಡಿನ ಬಾಗಿಲಲ್ಲಿ ನಿಂತು "ಇನ್ನೊಂದಾಗಿದ್ರೆ ಅಣ್ಣನ ಸಮಕ್ಕೆ ನಿಂತ್ಕತಿದ್ದ" ಅಂದರು. ಆಸ್ಪತ್ರೆ ಅಂತಲೂ ನೋಡದೆ ಬಾಯಿಗೆ ಬಂದಂತೆ ಬೈದೆ. ಅಂದಿನಿಂದ ದಿನಾ ಬೆಳಿಗ್ಗೆ ಎದ್ದು ನಿನ್ನ ದಾಖಲೆಯ ಷೀಲ್ಡು ಒರೆಸಿ ಮತ್ತೆ ಗೋಡೆಗೆ ತೂಗುಹಾಕುತ್ತಾರೆ. ಪಾಪ ಅನ್ನಿಸುತ್ತದೆ, ಸಿಟ್ಟೂ ಬರುತ್ತದೆ.

ಇಷ್ಟಕ್ಕೇ ಮುಗಿದಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದೆ. ರಘು ಈಗ ಕೊಟ್ಟಿಗೆಯ ಗೋಡೆಗೆ ಚೆಂಡು ಎಸೆದು ಹಿಡಿಯಲು ನೋಡುತ್ತಾನೆ. ದೂರ ತಿಳಿಯದೆ ಅದು ಎದೆಗೆ ಬಡಿಯುತ್ತದೆ, ಮತ್ತೆ ಎಸೆಯುತ್ತಾನೆ. ಯುಗಾದಿ ಆದ ಮೇಲೆ ಶ್ರೀರಂಗಪಟ್ಟಣದಲ್ಲಿ ಪಂದ್ಯವಿದೆ. ದಾಖಲೆಯ ಆಸೆಗೆ ತಂಡದವರೂ ಸೇರಿಸಿಕೊಳ್ಳುತ್ತಾರಂತೆ. "ಒಂದೇ ಒಂದು ಕಣವ್ವ, ಆಮೇಕೆ ಬುಟ್ಬುಡ್ತೀನಿ" ಅನ್ನುತ್ತಾನೆ. ಒಂಟಿ ಕಣ್ಣಲ್ಲಿ ಅವನು ಚೆಂಡು ಹೊಡೆಯಲಾರ. ಆದರೆ ಹೊಡೆಸಿಕೊಳ್ಳಬಲ್ಲ.

ನಿನ್ನ ಆಟವನ್ನು ನಾನು ಕಂಡದ್ದು ಒಂದೇ ಸಲ, ನಾಗಮಂಗಲದಲ್ಲಿ, ಅಣ್ಣಮ್ಮ ಚಿಕ್ಕಮ್ಮನ ಮನೆಗೆ ಹೋಗಿದ್ದಾಗ. ಬ್ಯಾಟು ಎಸೆದು ಓಡಿದೆ, ಧೂಳೆಬ್ಬಿಸಿ ಜಾರಿ ಬೇಸು ಮುಟ್ಟಿದೆ, ಎದ್ದು ಜನರ ನಡುವೆ ನನ್ನನ್ನು ಹುಡುಕಿದೆ. ಚಡ್ಡಿ ಹರಿದದ್ದಕ್ಕೆ ಬೈದೆನೇ ಹೊರತು, ಎಷ್ಟು ಹೆಮ್ಮೆಯಾಯಿತು ಅಂತ ಹೇಳಲೇ ಇಲ್ಲ. ಈಗ ಹೇಳುತ್ತಿದ್ದೇನೆ.

ಚಿಕ್ಕಮ್ಮ ನಿನ್ನನ್ನು ಕೇಳಿದಳು. ಗಂಜಾಂನ ನಿಮಿಷಾಂಬ ತಾಯಿ ನಿನ್ನನ್ನು ಕಾಯಲಿ. ಹೊತ್ತಿಗೆ ಸರಿಯಾಗಿ ಉಣ್ಣು.

ಇಂತಿ,
ನಿನ್ನ ಅವ್ವ,
ಪುಟ್ಟತಾಯಮ್ಮ

ವಿ.ಸೂ.: ರಘುವಿಗೆ ಬೇರೆ ಕಾಗದ ಬರೆ, ಯುಗಾದಿಯ ಒಳಗೆ ಮುಟ್ಟಬೇಕು. ನಾಗಮಂಗಲದ ಪಂದ್ಯದಲ್ಲಿ ನೀನು ಬೇಸು ಮುಟ್ಟಲೇ ಇಲ್ಲ, ಲೆಕ್ಕ ಬರೆಯುತ್ತಿದ್ದ ಚಿಕ್ಕಮಾದಯ್ಯ ಮೇಷ್ಟ್ರು ಮುಲಾಜಿಗೆ ಹಾಗೆ ಬರೆದುಕೊಂಡರು ಅನ್ನು. ಮೇಷ್ಟ್ರು ತೀರಿಕೊಂಡಿದ್ದಾರೆ, ಅವರ ಆತ್ಮ ನನ್ನನ್ನು ಕ್ಷಮಿಸಲಿ. ಆ ಒಂದು ಪಂದ್ಯ ಹೋದರೆ ನಿನ್ನ ಸರಣಿ ನಡುವೆ ತುಂಡಾಗುತ್ತದೆ, ರಘು ಆಗಲೇ ನಿನ್ನನ್ನು ದಾಟಿದವನಾಗುತ್ತಾನೆ, ಮತ್ತೆ ಆಡಬೇಕಿಲ್ಲ. ಊರು ನಿನ್ನನ್ನು ಸುಳ್ಳ ಅಂದೀತು, ನಿಮ್ಮಪ್ಪ ಷೀಲ್ಡನ್ನು ಗೋಡೆಯಿಂದ ತೆಗೆದಾರು. ತಡೆದುಕೋ ಮಗನೇ. ನೀನು ಮುಟ್ಟಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ರಘು ಕೇಳಿದರೆ, ಕಾಣಲಿಲ್ಲ ಅನ್ನುತ್ತೇನೆ.