ಜೂನ್ ಒಂದರಂದು ಹುಟ್ಟಿದವರು

೨೨೧೪, ಹದಿಮೂರನೆಯ ತಿಂಗಳು, ನಾಲ್ಕನೆಯ ದಿನ

ಹೆಸರು ಬರೆಯದೆ ಹೋದ ಹಿರಿಯರಿಗೆ,

ತಾರೀಖು ನೋಡಿ ಗಾಬರಿಯಾಗಬೇಡಿ, ವರ್ಷದ ಲೆಕ್ಕ ಸರಿಯಾಗಲೆಂದು ನಾವೊಂದು ಕುಳ್ಳ ತಿಂಗಳು ಸೇರಿಸಿಕೊಂಡಿದ್ದೇವೆ. ನನ್ನ ಮಾತು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ಉಳಿದ ವಿಷಯಕ್ಕೆ ಕ್ಷಮೆ ಕೇಳಬೇಕಾದವರಲ್ಲಿ ನೀವೂ ಒಬ್ಬರು.

ನಾನು ವಾರಿಜಾ, ಹಂಚುಭಂಡಾರದ ಕಳೆಗಾರ್ತಿ. ಎಲ್ಲ ಊರುಗಳ ಯಂತ್ರಗಳೂ ಬೇಕಾದಾಗ ಕೈಹಾಕಿ ಬಳಸುವ ಕಂಪ್ಯೂಟರ್ ಕೋಡಿನ ಸಂಗ್ರಹಕ್ಕೆ ನಾವು ಹಂಚುಭಂಡಾರ ಎನ್ನುತ್ತೇವೆ. ನಿಮ್ಮ ಕಾಲದಿಂದ ಒಟ್ಟಿದ್ದೇ ಒಟ್ಟಿದ್ದು, ಒಂದೇ ಕೆಲಸಕ್ಕೆ ಅದರಲ್ಲಿ ಕೋಡಿನ ನಾಲ್ಕು ತುಣುಕು, ನಾಲ್ಕು ಫಂಕ್ಷನ್. ಹೆಚ್ಚಾದವನ್ನು ಕಳೆಯಂತೆ ಕಿತ್ತು ನಿವೃತ್ತಿಗೊಳಿಸುವುದು ನನ್ನ ಕೆಲಸ. ತೆಗೆಯುವ ಮುನ್ನ ಮೂವತ್ತು ದಿನ ಸಾರುತ್ತೇವೆ. ತೆಗೆದದ್ದನ್ನು ಮರಳಿ ಸೇರಿಸಲೂ ಮೂವತ್ತು ದಿನ ಸಾರಬೇಕು. ಅವಸರದ ತಪ್ಪುಗಳಾಗದಿರಲೆಂದು ಆ ನಿಯಮ ಬರೆದವಳು ನಾನೇ. ಆಗ ಎಲ್ಲರೂ ನನ್ನ ಬೆನ್ನು ತಟ್ಟಿದ್ದರು.

ಎರಡು ದಾಖಲೆಗಳು ಒಬ್ಬರವೇ ಎಂದು ಹೇಳುವ ಫಂಕ್ಷನ್ ಎರಡಿದ್ದವು, ಒಂದು ಇತ್ತೀಚಿನದು, ಇನ್ನೊಂದು ನಿಮ್ಮ ಕಾಲದಲ್ಲಿ ನೀವು ಬರೆದದ್ದು. ಹೆಸರು, ಹುಟ್ಟಿದ ದಿನ, ಊರು ಮೂರೂ ಒಂದಾದರೆ ಒಬ್ಬರೇ ಎಂದು ಹೊಸದು ಹೇಳುತ್ತಿತ್ತು. ನಿಮ್ಮದೂ ಅದನ್ನೇ ಹೇಳುತ್ತಿತ್ತು, ಆದರೆ ದಿನ ಜೂನ್ ಒಂದು ಎಂದಿದ್ದರೆ ಇಬ್ಬರೆಂದೇ ಹಿಡಿಯುತ್ತಿತ್ತು. ಯಾಕೆ? ಪಕ್ಕದಲ್ಲಿ ನೀವು ಬರೆದದ್ದು ‘ಬೇಕು’ ಎಂಬ ಒಂದೇ ಪದ. ನಿಮಗೆ ಅಷ್ಟು ಜಿಪುಣತನವೇಕಿತ್ತೋ ಕಾಣೆ. ರಾಜಧಾನಿಯ ಹತ್ತು ಸಾವಿರ ಜೋಡಿ ದಾಖಲೆಗಳ ಮೇಲೆ ಎರಡನ್ನೂ ಓಡಿಸಿದೆ, ಉತ್ತರ ಒಂದೇ ಬಂತು. ಆಸ್ಪತ್ರೆಯಲ್ಲಿ ಹುಟ್ಟಿ, ಹುಟ್ಟಿದ ದಿನ ಸರಿಯಾಗಿ ಬರೆಸಿಕೊಂಡವರ ಊರು ಅದು.

ಸಾರಿದ ಒಂಬತ್ತನೆಯ ದಿನ ಹಿರೇಗುಡ್ಡವೆಂಬ ಕುರಿಗಾರರ ಊರಿನ ಆರೋಗ್ಯ ಕೇಂದ್ರದಿಂದ ಶಿವಲೀಲಾ ಎಂಬ ನರ್ಸ್ ಬರೆದಳು: “ಅಕ್ಕಾರ, ನಮ್ಮಲ್ಲಿ ಅರ್ಧ ಊರು ಜೂನ್ ಒಂದಕ್ಕ ಹುಟ್ಟೈತ್ರಿ. ಅದನ್ನ ತೆಗೀಬ್ಯಾಡ್ರಿ.” ನಾನು ಓದಿ ನಕ್ಕೆ. ಪಕ್ಕದ ಮೇಜಿನವರಿಗೂ ತೋರಿಸಿ ನಗಿಸಿದೆ. ಹುಟ್ಟಿದ ದಿನ ಗೊತ್ತಿಲ್ಲದ ಮಕ್ಕಳಿಗೆ ಮೇಷ್ಟ್ರುಗಳು ಜೂನ್ ಒಂದು ಎಂದು ಬರೆದುಬಿಡುವ ಪದ್ಧತಿ ನಿಮ್ಮ ಕಾಲದಿಂದ ಅಲ್ಲಿ ಹಾಗೇ ಉಳಿದಿದೆ ಎಂದು ನನಗೆ ಯಾರು ಹೇಳಬೇಕಿತ್ತು? ಅವಳೇ ಹೇಳಿದ್ದಳು. ‘ಎರಡೂ ಒಂದೇ’ ಎಂದು ಉತ್ತರಿಸಿ, ಮೂವತ್ತು ದಿನ ಮುಗಿದೊಡನೆ ನಿಮ್ಮ ಫಂಕ್ಷನ್ ತೆಗೆದುಹಾಕಿದೆ.

ಆ ಊರಿನಲ್ಲಿ ಇಬ್ಬರು ದುರುಗವ್ವರಿದ್ದರು, ಇಬ್ಬರೂ ಒಂದೇ ವರ್ಷದ ಜೂನ್ ಒಂದರವರು. ಒಬ್ಬಾಕೆ ತೀರಿಕೊಂಡಳು. ಇನ್ನೊಬ್ಬಾಕೆ ಶಿವಲೀಲಾಳ ತಾಯಿ, ಮೂತ್ರಪಿಂಡ ಕೆಟ್ಟು ಮೂರು ದಿನಕ್ಕೊಮ್ಮೆ ಯಂತ್ರದಲ್ಲಿ ರಕ್ತ ತೊಳೆಸಿಕೊಳ್ಳಬೇಕಾದವಳು. ಭಂಡಾರ ಇಬ್ಬರನ್ನೂ ಒಬ್ಬಳನ್ನಾಗಿ ಮಾಡಿತು, ಸತ್ತವಳಿಗೆ ಯಂತ್ರ ತಿರುಗಲಿಲ್ಲ. “ನಾ ಇಲ್ಲೇ ಕುಂತೀನಲ್ಲವ್ವ,” ಎಂದು ಆ ಮುದುಕಿ ಮಗಳಿಗೆ ಹೇಳಿದಳಂತೆ. ಕೈಯಲ್ಲಿ ನಡೆಸುವ ಗುಂಡಿಯನ್ನು ಅನಗತ್ಯವೆಂದು ನಾವು ಎಂದೋ ತೆಗೆಸಿದ್ದೆವು.

ಸುದ್ದಿ ತಿಳಿದು ನಾನು ಅಂದೇ ಭಂಡಾರದ ಮಂಡಳಿಯ ಮುಂದೆ ಹೋದೆ. ಅವರು ನನ್ನ ನಿಯಮವನ್ನು ನನಗೇ ಓದಿ ಹೇಳಿದರು. ಬೇರೆ ಊರಿನ ಯಂತ್ರಕ್ಕೂ ಇದೇ ಭಂಡಾರ, ಅಲ್ಲೂ ಅದೇ ಉತ್ತರ. ಎಂಟನೆಯ ದಿನ ದುರುಗವ್ವ ಸತ್ತಳು. ಇಂದು ಹತ್ತೊಂಬತ್ತನೆಯ ದಿನ, ನಿಮ್ಮ ಫಂಕ್ಷನ್ ಮರಳಲು ಇನ್ನೂ ಹನ್ನೊಂದು ದಿನವಿದೆ. ನನ್ನ ಮೇಲೆ ನನಗೆ ಅಸಹ್ಯವಾಗುತ್ತದೆ, ನಿಮ್ಮ ಮೇಲೆ ಸಿಟ್ಟು ಬರುತ್ತದೆ. ಎರಡರಲ್ಲಿ ಯಾವುದೂ ಕಡಿಮೆಯಾಗಿಲ್ಲ.

ನಿಮ್ಮಲ್ಲಿ ಕೇಳುವುದು ಒಂದೇ. ನಿಮ್ಮ ಕಾಲದಲ್ಲಿ ಕೂತು ಬರೆಯುತ್ತಿರುವ ನಿಮಗಿನ್ನೂ ಸಮಯವಿದೆ. ಯಾರದೋ ಮುಖ ನೆನಪಿಟ್ಟುಕೊಂಡೇ ಆ ಸಾಲು ಬರೆದಿರುತ್ತೀರಿ. ಯಾರಿಗಾಗಿ, ಯಾಕೆ ಎಂದು ಆ ‘ಬೇಕು’ ಎಂಬುದರ ಕೆಳಗೆ ಬರೆದಿಡಿ.

ಇನ್ನು ನಾನು ಕೆಲಸಕ್ಕೆ ಕೂರಬೇಕು. ದಿನಾ ಹತ್ತು ಗಂಟೆಗೆ ಶಿವಲೀಲಾ ತನ್ನ ತಾಯಿಯ ಸಾವನ್ನು ದಾಖಲಿಸಲು ಅರ್ಜಿ ಕಳಿಸುತ್ತಾಳೆ. ‘ಈ ವ್ಯಕ್ತಿ ಈಗಾಗಲೇ ಮೃತರು’ ಎಂದು ಅದು ತಿರುಗಿ ಹೋಗುತ್ತದೆ. ನಿನ್ನೆಯ ಅರ್ಜಿಯ ಕೊನೆಗೆ ಅವಳು ಒಂದು ಸಾಲು ಸೇರಿಸಿದ್ದಳು: “ಅಕ್ಕಾರ, ಆ ಎಂಟು ದಿನ ನಮ್ಮವ್ವ ಬದುಕಿದ್ಲು ಅಂತ ಎಲ್ಲ್ಯಾರ ಬರೀರಿ.”