ದೊರೆಸಾನಿಯ ಹೊಸ ಮಗಳು

ಜೂನ್ 14, ಶುಕ್ರವಾರ

ದೊರೆಸಾನಿ ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಹೊಡೆಸಿದ್ದರೂ ಸರಿ. ಅವಳಿಗೆ ಎಲ್ಲಾ ಗೊತ್ತಿತ್ತು, ಆದರೂ ಬೈಯಲಿಲ್ಲ. ಭಾನುವಾರ ಚರ್ಚಿನ ಊಟದಲ್ಲಿ ಎಲ್ಲರೆದುರು ತನ್ನ ಸೊಂಟದ ನಾರಿನ ಪಟ್ಟಿ ಬಿಚ್ಚಿ ನನಗೆ ಕಟ್ಟಿ, "ಇವತ್ತಿಂದ ಲುಸೆಯಾನೆ ನನ್ನ ಮಗಳು, ನನ್ನ ಮಗ ಫೋಲೌಗೆ ತಂಗಿ" ಅಂದಳು.

ಅಮ್ಮ ಸಂತೋಷಕ್ಕೆ ಅತ್ತೇಬಿಟ್ಟಳು. "ಅವರ ಹೊಲದಲ್ಲಿ ಗೆಣಸು ಅಗೆಯೋರು ನಾವು. ಎಂಥ ಅದೃಷ್ಟವೇ ನಿಂದು!"

ಅದೃಷ್ಟವಂತೆ.

ಮೂರು ವರ್ಷದಿಂದ ಶುಕ್ರವಾರದ ಕೂಟದಲ್ಲಿ ಗಂಡಸರಿಗೆ ಕುಡಿಯೋಕೆ ಕಾವಾ ಬೇರಿನ ಪುಡಿ ನೀರಲ್ಲಿ ಕಲಸಿ ಕೊಡುವವಳು ನಾನು. ಫೋಲೌ ನನ್ನ ಪಕ್ಕದಲ್ಲೇ ಕೂರುತ್ತಿದ್ದ. ಬಟ್ಟಲು ವಾಪಸ್ ಕೊಡುವಾಗ ಬೇಕಂತಲೇ ಬೆರಳು ತಾಗಿಸುತ್ತಿದ್ದ. ಅವನು ಕುಡಿದ ತೆಂಗಿನ ಚಿಪ್ಪಿನ ಬಟ್ಟಲೊಂದನ್ನು ಕದ್ದು ತಂದಿದ್ದೀನಿ, ಈಗಲೂ ದಿಂಬಿನ ಕೆಳಗಿದೆ. ಹುಚ್ಚು ನನಗೆ.

ಇವತ್ತು ಸಂಜೆಯೂ ಬಂದ, ಅಲ್ಲೇ ಕೂತ. ಮುದುಕ ಸೆಮಿಸಿ ಕೆಣಕಿದ: "ಏನ್ ಚಿಕ್ಕದೊರೆ, ತಂಗಿ ಕೂತ ಕಡೆ ಅಣ್ಣ ಕೂರೋದುಂಟಾ? ನಮ್ಮ ಕಾಲದಲ್ಲಿ ತಂಗಿ ಬಂದ್ರೆ ಕಿಟಕಿ ಹಾರಿ ಓಡ್ತಿದ್ವಪ್ಪಾ!"

ಎಲ್ಲರೂ ನಕ್ಕರು. ನಾನು ತುಂಬಿದ ಬಟ್ಟಲು ಹಿಡಿದುಕೊಂಡು ಕಾದೆ. 'ಅವಳು ನನ್ನ ತಂಗಿಯಲ್ಲ' ಅಂತ ಫೋಲೌ ಅಂದಿದ್ದರೆ ಸಾಕಿತ್ತು. ಅಷ್ಟೇ ಸಾಕಿತ್ತು.

ಎದ್ದ. ನನ್ನ ಮುಖ ನೋಡದೆ, ತಲೆ ತಗ್ಗಿಸಿ, ಬೆನ್ನು ಬಗ್ಗಿಸಿ, ನನ್ನ ಮುಂದೆ ಹಾದು ಹೊರಗೆ ಹೋದ. ನಮ್ಮಲ್ಲಿ ಅಣ್ಣ ತಂಗಿಗೆ ತೋರಿಸೋ ಮರ್ಯಾದೆ ಅದು. ಈ ಮೂರು ವರ್ಷದಲ್ಲಿ ಅವನು ಎಲ್ಲರೆದುರು ನನಗೆ ಕೊಟ್ಟ ಮೊದಲ ಮರ್ಯಾದೆ.